ಸದರಿ ಮಗುವಿಗೆ ಹದಿನೆಂಟು ತುಂಬಿತು

ಕುಟುಂಬ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ತಮಗೂ, ತಮ್ಮ ಪೀಠಕ್ಕೂ, ಪೀಠದ ಮೇಲೆ ಕಟಕಟ ಎನ್ನುತ್ತಿದ್ದ ಆ ಫ್ಯಾನಿಗೂ ನನ್ನ ಅನಂತ ವಂದನೆಗಳು. ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಅಪ್ಪ ಅಮ್ಮನ ವಿಚ್ಛೇದನದ ಆದೇಶದಲ್ಲಿ ತಾವು ಪುಟಪುಟಕ್ಕೂ ‘ಸದರಿ ಮಗು’ ಎಂದು ಬರೆಸಿದ್ದಿರಲ್ಲ, ಆ ಸದರಿ ಮಗು ನಾನೇ. ಈಗ ಕಾಲೇಜಿನಲ್ಲಿ ಫಸ್ಟ್ ಇಯರ್. ಇಬ್ಬರಲ್ಲಿ ಯಾರ ಮನೆ ಹತ್ತಿರದ ಸ್ಕೂಲಿಗೆ ಸೇರಿಸಿದರೂ ಇನ್ನೊಬ್ಬರು ತಮ್ಮ ಬಳಿ ಅರ್ಜಿ ಹಿಡಿದು ಓಡಿ ಬರುತ್ತಿದ್ದುದರಿಂದ ಹಾಸ್ಟೆಲಿನಲ್ಲೇ ಬೆಳೆದವಳು. ಹಾಗಾಗಿ ನನ್ನ ಕನ್ನಡದೊಳಗೆ ಅರ್ಧ ಇಂಗ್ಲಿಷ್ ನುಸುಳಿದೆ. ಅದನ್ನು ನ್ಯಾಯಾಂಗ ನಿಂದನೆ ಎಂದು ಭಾವಿಸಬಾರದಾಗಿ ವಿನಂತಿ. ಸಾರಿ.

ತಮ್ಮ ಆದೇಶದಂಥ ಪರ್ಫೆಕ್ಟ್ ವಸ್ತುವನ್ನು ನಾನು ಮತ್ತೆ ಕಂಡಿಲ್ಲ. ರಜೆಯ ಮೊದಲರ್ಧ ತಂದೆಯ ಬಳಿ, ಉಳಿದರ್ಧ ತಾಯಿಯ ಬಳಿ, ಮರುವರ್ಷ ಅದಲುಬದಲು. ಮಗುವಿನ ಹಸ್ತಾಂತರ ತಟಸ್ಥ ಸ್ಥಳದಲ್ಲಿ ಆಗತಕ್ಕದ್ದು. ಮಗುವಿನ ಮೂಲಕ ಪರಸ್ಪರ ಸಂದೇಶ ಕಳಿಸತಕ್ಕದ್ದಲ್ಲ. ತಟಸ್ಥ ಸ್ಥಳವೆಂದು ಇಬ್ಬರೂ ಒಪ್ಪಿದ್ದು ಎರಡು ಮನೆಗಳ ನಡುವಿನ ಒಂದು ಪೆಟ್ರೋಲ್ ಬಂಕನ್ನು, ಅದರಲ್ಲೂ ಟೈರಿಗೆ ಗಾಳಿ ಹಾಕುವ ಮೂಲೆಯನ್ನು. ಅಪ್ಪನ ಕಾರಿನಿಂದ ನಾನು ಇಳಿಯುತ್ತಿದ್ದೆ, ಅಮ್ಮನ ಸ್ಕೂಟರ್ ಹತ್ತುತ್ತಿದ್ದೆ. ಮಗುವಿನ ಮೂಲಕ ಮಾತಿಲ್ಲವೆಂದು ತಾವು ಅಪ್ಪಣೆ ಮಾಡಿದ್ದರಿಂದ ಅವರಿಬ್ಬರೂ ಕಾನೂನಿಗೆ ತಲೆಬಾಗಿ ಗಾಳಿ ಹಾಕುವ ಅಣ್ಣನ ಮೂಲಕ ಮಾತಾಡತೊಡಗಿದರು. “ಫ್ಯಾನ್ ಜೋರಾಗಿ ಇಟ್ಕೊಂಡು ಮಲಗಿದ್ರೆ ಇವಳಿಗೆ ಕೆಮ್ಮು ಬರುತ್ತೆ ಅಂತ ಅವರಿಗೆ ಹೇಳ್ಬಿಡಿ,” ಎಂದು ಅಮ್ಮ, ಅಲ್ಲೇ ನಿಂತ ಅಪ್ಪನಿಗೆ ಚೆನ್ನಾಗಿ ಕೇಳುವಂತೆ. “ಗೊತ್ತು ಅಂತ ಹೇಳಪ್ಪ,” ಎಂದು ಅಪ್ಪ. “ಗೊತ್ತಂತೆ ಅಕ್ಕ,” ಎಂದು ಆ ಅಣ್ಣ, ಪೈಪು ಹಿಡಿದುಕೊಂಡೇ. ಒಂದು ಸಲ ಮಾತ್ರ ಆತ ನನ್ನ ಕಿವಿಯ ಹತ್ತಿರ ಬಗ್ಗಿ, “ಇವರ ಮನೇಲಿ ಫೋನ್ ಇಲ್ವಾ ಪುಟ್ಟಿ?” ಎಂದ.

ಇನ್ನು ನನ್ನ ದೂರು. ಹೋದ ತಿಂಗಳು ನನಗೆ ಹದಿನೆಂಟು ತುಂಬಿತು. ಬಾಯಿಗೆ ಮೆತ್ತಿದ ಕೇಕನ್ನು ಒರೆಸಿಕೊಳ್ಳುವಷ್ಟರಲ್ಲಿ ಅಪ್ಪನ ವಕೀಲರು ಫೋನ್ ಮಾಡಿ, “ಇನ್ಮೇಲೆ ಆ ಆರ್ಡರ್ ನಿನಗೆ ಅನ್ವಯಿಸಲ್ಲಮ್ಮ, ಯಾರ ಮನೆಗೆ ಬೇಕಾದ್ರೂ ಹೋಗು, ಎಂಜಾಯ್,” ಎಂದರು. ಎಂಥ ಎಂಜಾಯ್, ಮಹಾಸ್ವಾಮಿ! ಇಷ್ಟು ವರ್ಷ ನನ್ನ ರಜೆಯನ್ನು ಸೇಬಿನಂತೆ ಹೆಚ್ಚಿ ಹಂಚುತ್ತಿದ್ದ ತಾವು, ಚಾಕುವನ್ನು ನನ್ನ ಕೈಗಿಟ್ಟು ಎದ್ದು ಹೋದಿರಿ. ಮೊದಲೆಲ್ಲ ಯಾರ ಮನೆಗೆ ಹೋಗಲಾಗದಿದ್ದರೂ ತಪ್ಪು ತಮ್ಮದಾಗಿತ್ತು. ಇಬ್ಬರೂ ತಮ್ಮನ್ನು ಬಯ್ದುಕೊಂಡು ನನ್ನನ್ನು ಮುದ್ದು ಮಾಡುತ್ತಿದ್ದರು. ಈಗ ತಪ್ಪೆಲ್ಲ ನನ್ನ ತಲೆಗೆ.

ಸೆಮಿಸ್ಟರ್ ರಜೆ ಬಂತು. “ನಿಂಗೆಲ್ಲಿ ಇಷ್ಟಾನೋ ಅಲ್ಲಿಗೆ ಹೋಗು ಕಂದ, ನಂಗೇನೂ ಬೇಜಾರಿಲ್ಲ,” ಎಂದಳು ಅಮ್ಮ. “ನಿನ್ನ ರೂಮಿಗೆ ಹೊಸ ಕರ್ಟನ್ ಹಾಕ್ಸಿದ್ದೆ, ಇರ್ಲಿ ಬಿಡು.” ಅಪ್ಪ, “ನೀನೀಗ ದೊಡ್ಡೋಳು, ನಿನ್ನ ಡಿಸಿಷನ್,” ಎಂದರು. “ಲೀವ್ ಹಾಕಿದ್ದೆ, ಕ್ಯಾನ್ಸಲ್ ಮಾಡಿದ್ರಾಯ್ತು.” ಅರ್ಧರ್ಧ ಮಾಡಬಾರದಿತ್ತೇ ಎಂದು ತಾವು ಕೇಳಬಹುದು. ಮೊದಲರ್ಧ ಯಾರಿಗೆ ಎಂದು ನಾನೂ ತಮ್ಮನ್ನು ಕೇಳಬಹುದು.

ಕೊನೆಗೆ ಅಪ್ಪನ ಮನೆಗೆ ಹೋಗುತ್ತೇನೆಂದು ಅಮ್ಮನಿಗೂ, ಅಮ್ಮನ ಮನೆಗೆ ಹೋಗುತ್ತೇನೆಂದು ಅಪ್ಪನಿಗೂ ಹೇಳಿ ಹಾಸ್ಟೆಲಿನಲ್ಲೇ ಉಳಿದೆ. ಅವರಿಬ್ಬರು ಮಾತಾಡಿಕೊಳ್ಳುವುದಿಲ್ಲ ಎಂಬುದು ತಮ್ಮ ಕಡತಗಳಲ್ಲೇ ಸಾಬೀತಾದ ಸಂಗತಿಯಾದ್ದರಿಂದ ಇದರಷ್ಟು ಸೇಫ್ ಆದ ಸುಳ್ಳು ಬೇರೆ ಇರಲಿಲ್ಲ. ಇಲ್ಲಿ ಎಲ್ಲ ಮಂಚಗಳ ಹಾಸಿಗೆಗಳೂ ಸುತ್ತಿಕೊಂಡು ಮಲಗಿವೆ, ಮೆಸ್ಸಿಗೆ ಬೀಗ, ನಾನು ಮೂರು ಹೊತ್ತೂ ಬ್ರೆಡ್ಡು ತಿನ್ನುತ್ತಿದ್ದೇನೆ. ಯಾರೋ ಬಿಟ್ಟುಹೋದ ಬಕೆಟ್ಟನ್ನು ನೋಡುವಂತೆ ನನ್ನನ್ನು ನೋಡಿ ವಾರ್ಡನ್ ಆಂಟಿ, “ಮನೇಲಿ ಯಾರೂ ಇಲ್ವೇನಮ್ಮ?” ಎಂದರು. “ಇದಾರೆ ಆಂಟಿ, ಸ್ವಲ್ಪ ಜಾಸ್ತೀನೇ ಇದಾರೆ,” ಎಂದೆ.

ಆದ್ದರಿಂದ ನನ್ನನ್ನು ನಲವತ್ತು ವರ್ಷದವರೆಗೆ ಅಪ್ರಾಪ್ತಳೆಂದು ಘೋಷಿಸಿ ಹಳೆಯ ಆದೇಶವನ್ನು ಮುಂದುವರಿಸಬೇಕಾಗಿ ಪ್ರಾರ್ಥನೆ. ಅದಕ್ಕೆ ಕಾನೂನು ಅಡ್ಡ ಬಂದರೆ, ಅವರಿಬ್ಬರನ್ನೇ ಅಪ್ರಾಪ್ತರೆಂದು ಘೋಷಿಸಿ ಸದರಿ ತಂದೆ ಮತ್ತು ಸದರಿ ತಾಯಿಯ ಪಾಲನೆಯ ಹಕ್ಕನ್ನು ನನಗೆ ಕೊಡಿ. ಇಬ್ಬರನ್ನೂ ಹೊತ್ತಿಗೆ ಸರಿಯಾಗಿ ಉಣ್ಣಿಸಿ ಮಲಗಿಸುತ್ತೇನೆ. ಷರತ್ತು ಒಂದೇ. ವರ್ಷಕ್ಕೊಮ್ಮೆ, ನನ್ನ ಬರ್ತ್‌ಡೇ ದಿನ, ಇಬ್ಬರೂ ಒಂದೇ ಮೇಜಿನ ಮುಂದೆ ಕೂರತಕ್ಕದ್ದು. ಮಾತಾಡಬೇಕಾಗಿಲ್ಲ. ಒಬ್ಬರು ಕೈ ಚಾಚಿದಾಗ ಇನ್ನೊಬ್ಬರು ಉಪ್ಪಿನ ಡಬ್ಬಿ ದಾಟಿಸಿದರೆ ಸಾಕು.

ತಾವು ಬಿಟ್ಟರೂ ತಮ್ಮನ್ನು ಬಿಡದ,
ತಮ್ಮ ವಿಶ್ವಾಸಿ,
ಸದರಿ ಮಗು (ವಾಯಿದೆ ಮುಗಿದದ್ದು)

ತಾ.ಕ.: ಪತ್ರ ಮಡಚುವಷ್ಟರಲ್ಲಿ ಅನಾಹುತವಾಗಿದೆ. ಫ್ಯಾನು, ಕೆಮ್ಮಿನ ವಿಷಯ ಹೇಳಿ ಕಳಿಸಲು ಈ ಸಲ ಗಾಳಿ ಹಾಕುವ ಅಣ್ಣ ಸಿಗದೆ ಅಮ್ಮ ನೇರವಾಗಿ ಅಪ್ಪನಿಗೇ ಫೋನ್ ಮಾಡಿಬಿಟ್ಟಿದ್ದಾಳೆ. “ಅವಳು ನಿನ್ನ ಹತ್ರ ಅಲ್ವಾ ಇರೋದು?” ಎಂದರಂತೆ ಅಪ್ಪ. ಈಗ ಇಬ್ಬರೂ ಕೆಳಗೆ ವಾರ್ಡನ್ ರೂಮಿನಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡುತ್ತ ನನ್ನನ್ನು ಬಯ್ಯುತ್ತಿದ್ದಾರೆ. ತಮ್ಮ ನ್ಯಾಯಾಲಯದ ಅಷ್ಟೂ ರಾಜಿ ಸಂಧಾನಗಳಿಂದ ಆಗದ್ದು ನನ್ನ ಒಂದೇ ಸುಳ್ಳಿನಿಂದ ಆಗಿದೆ. ತಮ್ಮಲ್ಲಿ ಸಂಧಾನಕಾರರ ಹುದ್ದೆ ಖಾಲಿಯಿದ್ದರೆ ತಿಳಿಸುವುದು. ಅಂಗಳದಲ್ಲಿ ಒಂದು ಕಾರು, ಒಂದು ಸ್ಕೂಟರ್ ನಿಂತಿವೆ. ಯಾವುದನ್ನು ಹತ್ತಬೇಕೆಂದು ತಿಳಿಯದೆ, ನಾನು ಬಸ್ಸಿನಲ್ಲಿ ಪೆಟ್ರೋಲ್ ಬಂಕಿಗೆ ಬರುತ್ತೇನೆ, ಇಬ್ಬರೂ ಅಲ್ಲಿಗೇ ಬರಲಿ ಎಂದು ಹೇಳಿ ಕಳಿಸಿದ್ದೇನೆ, ವಾರ್ಡನ್ ಆಂಟಿಯ ಮೂಲಕ.