ನೀಲಿ ನಾಲಿಗೆ

ಅತ್ತೆಗೆ ಕೋಳಿಗಳ ಮೇಲೆ ಕರುಣೆ ಉಕ್ಕಿದ್ದೇ ಎಲ್ಲಕ್ಕೂ ಮೂಲ.

ಕೋಳಿ ಫಾರಂನ ಸೂಪರ್‌ವೈಸರ್‌ಗೆ ಯಜಮಾನರು ಬೆಳಿಗ್ಗೆಯೇ ಫೋನ್ ಮಾಡಿದ್ದರು. "ಮೊದಲನೇ ಶೆಡ್‌ಗೆ ಇವತ್ತು ನೀರಲ್ಲಿ ಲಸಿಕೆ ಕೊಡು. ಅದರಲ್ಲಿ ನೀಲಿ ಬಣ್ಣ ಇರುತ್ತೆ, ಕುಡಿದ ಕೋಳಿ ನಾಲಿಗೆ ನೀಲಿ ಆಗುತ್ತೆ. ಸಂಜೆ ಡಾಕ್ಟರನ್ನ ಕರ್ಕೊಂಡು ಬಂದು ನೋಡ್ತೀನಿ. ಈ ಸಲವೂ ಸೋಮಾರಿತನ ಮಾಡಿದ್ರೆ ಕೆಲಸಾನೂ ಇಲ್ಲ, ಕ್ವಾರ್ಟರ್ಸೂ ಇಲ್ಲ!"

ಪಾಪ, ಈ ಸಲ ಅವನು ಸೋಮಾರಿತನ ಮಾಡಲಿಲ್ಲ. ಬಾಯಾರಿದರೆ ತಾನೇ ಕೋಳಿಗಳು ಲಸಿಕೆಯ ನೀರನ್ನು ಗಟಗಟ ಕುಡಿಯುವುದು? ನಲ್ಲಿ ಬಂದ್ ಮಾಡಿ, ಎರಡು ಗಂಟೆ ಬಿಟ್ಟು ಲಸಿಕೆ ಬೆರೆಸಿಕೊಂಡು ಬಂದ. ನೋಡಿದರೆ ಅವನ ಅತ್ತೆ ಶೆಡ್ಡಿನಲ್ಲಿ ಪೈಪು ಹಿಡಿದು ನಿಂತಿದ್ದಾರೆ.

"ಬಾಯ್ಬಾಯಿ ಬಿಡ್ತಿದ್ವು ಅಳಿಯಂದ್ರೇ! ನೀರು ಬಿಡೋಕೂ ಮರೆತ್ರಾ? ನಾನೇ ಹೊಟ್ಟೆ ತುಂಬ ಕುಡಿಸಿದೆ."

ಆಮೇಲೆ ಸುರಿದ ನೀಲಿ ನೀರಿಗೆ ಒಂದು ಕೋಳಿಯೂ ಕೊಕ್ಕು ತಾಗಿಸಲಿಲ್ಲ. ಬಿಸಿಲೇರಿ ಲಸಿಕೆ ಕೆಟ್ಟಿತು. ಚರಂಡಿಗೆ ಚೆಲ್ಲಿದ್ದಾಯಿತು.

ಇನ್ನು ಸಂಸಾರ ಬೀದಿಪಾಲು! ಗಾಬರಿಯಲ್ಲಿ ಅವನು ಹೆಂಡತಿ ಕೇಕಿಗೆ ಹಾಕುವ ನೀಲಿ ಬಣ್ಣದ ಬಾಟಲಿ ತಂದು, ಒಂದೊಂದೇ ಕೋಳಿ ಹಿಡಿದು ನಾಲಿಗೆಗೆ ಬಳಿಯತೊಡಗಿದ. ಅವು ಕುಕ್ಕಿದವು, ಪರಚಿದವು, ಅಂಗಿಯ ಮೇಲೆ ತಮ್ಮ ಅಭಿಪ್ರಾಯ ಬಿಟ್ಟುಹೋದವು. ಬಾಗಿಲಿನಿಂದ ಅರ್ಧ ಶೆಡ್ ಮುಗಿಸುವಷ್ಟರಲ್ಲಿ ಕಾರು ಬಂದು ನಿಂತಿತು.

ಯಜಮಾನರು ಏದುಸಿರು ಬಿಡುತ್ತಾ ಓಡಿಬಂದರು. "ಲಸಿಕೆ ಕೊಟ್ಟುಬಿಟ್ಟೆಯೇನಯ್ಯಾ? ನಾನು ತಪ್ಪು ಹೇಳಿದ್ದೆ ಕಣೋ! ಕೊಡಬೇಕಾಗಿದ್ದು ಎರಡನೇ ಶೆಡ್‌ಗೆ!"

"ಇವು ಮೊಟ್ಟೆಯೊಳಗೆ ಇರುವಾಗಲೇ ಮೆಷಿನ್‌ನಿಂದ ಹೊಸ ಲಸಿಕೆ ಚುಚ್ಚಿದೀವಿ," ಎಂದರು ಡಾಕ್ಟರು. "ಅದೊಂದೇ ಸಾಕಾಗುತ್ತಾ ಅಂತ ಪರೀಕ್ಷೆ ನಡೀತಿದೆ. ಇನ್ನೊಂದು ಲಸಿಕೆ ಒಂದು ತೊಟ್ಟು ಹೋದ್ರೂ ಎಲ್ಲ ಹಾಳು."

"ಕೊಟ್ಟಿಲ್ಲ ಅನ್ನು ಮಾರಾಯ! ನಿನ್ನ ಸೋಮಾರಿತನಕ್ಕೆ ಕೈಮುಗೀತೀನಿ!" ಯಜಮಾನರು ಗೋಗರೆದರು.

ಸೂಪರ್‌ವೈಸರ್‌ಗೆ ಸ್ವರ್ಗ ಮೂರೇ ಗೇಣು ಎನಿಸಿತು. "ಕೊಟ್ಟಿಲ್ಲ ಸಾರ್! ದೇವರಾಣೆಗೂ ಒಂದು ತೊಟ್ಟೂ ಕೊಟ್ಟಿಲ್ಲ!"

ಡಾಕ್ಟರು ಬಾಗಿಲ ಬಳಿಯ ಕೋಳಿಯೊಂದನ್ನು ಎತ್ತಿ ಕೊಕ್ಕು ಬಿಡಿಸಿದರು. ನಾಲಿಗೆ ನೀಲಿ. ಇನ್ನೊಂದನ್ನು ಎತ್ತಿದರು. ಅದೂ ನೀಲಿ.

"ಸಾರ್, ಅದು ಕೇಕಿನ ಬಣ್ಣ... ನಾನೇ ಬಳಿದಿದ್ದು..."

"ಕೋಳಿ ನಾಲಿಗೆಗೆ ಯಾರಾದ್ರೂ ಬಣ್ಣ ಬಳೀತಾರೇನೋ? ಸುಳ್ಳು ಬೇರೆ!" ಯಜಮಾನರು ಗುಡುಗಿದರು.

ಅತ್ತೆಗೆ ತಡೆಯಲಾಗಲಿಲ್ಲ. ಅಳಿಯನ ಪರ ವಹಿಸಿ ಮುಂದೆ ಬಂದೇಬಿಟ್ಟರು.

"ನಮ್ಮ ಅಳಿಯಂದ್ರನ್ನ ಸೋಮಾರಿ ಅನ್ಬೇಡಿ ಯಜಮಾನ್ರೇ! ಮಧ್ಯಾಹ್ನದಿಂದ ಊಟಾನೂ ಮಾಡದೆ, ಒಂದೊಂದು ಕೋಳೀನೂ ಹಿಡಿದು ಕೈಯಾರೆ ಔಷಧಿ ಹಾಕಿದಾರೆ. ನಾನೇ ಕಣ್ಣಾರೆ ನೋಡಿದೀನಿ!"