ನಮ್ಮ ಬ್ಯಾಂಡಿನ ಕ್ಯಾಸೆಟ್ ಮೆಚ್ಚಿದವರು

ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವವನಿಗೆ ಒಂದಿಲ್ಲೊಂದು ಆಘಾತ ತಪ್ಪಿದ್ದಲ್ಲ. ಆದರೆ ಎಂಬತ್ತರ ದಶಕದಲ್ಲಿ ನಮ್ಮ ಬಸವಕಲ್ಯಾಣದ ಬ್ಯಾಂಡಿನ ಮಾಸ್ತರರು ಕ್ಯಾಸೆಟ್ ಮಾಡಿಸಿದ ವರ್ಷ ನಾನು ಬೆಚ್ಚಿಬಿದ್ದಷ್ಟು ಮತ್ತೆಂದೂ ಬಿದ್ದಿಲ್ಲ. ಇಪ್ಪತ್ತೈದು ವರ್ಷ ಸಿನೆಮಾ ಹಾಡು ಊದಿ ಸಾಕಾಗಿ, ತಾವೇ ಕಟ್ಟಿದ ಆರು ಚಾಲ್‌ಗಳನ್ನು, ಅಂದರೆ ಧಾಟಿಗಳನ್ನು, ಅದರಲ್ಲಿ ತುಂಬಿಸಿದ್ದರು. ಯಾರಾದರೂ ಒಬ್ಬರು ಅದನ್ನು ಕೇಳಿ ‘ಛಲೋ ಅದ’ ಅನ್ನಬೇಕು, ಅಷ್ಟೇ ಅವರ ಆಸೆ.

೧. ಖಾಲಿ ಖೋಲಿ

ರೆಕಾರ್ಡಿಂಗ್ ಗುಲಬರ್ಗಾದಲ್ಲಿ. ಖೋಲಿಯ ನಡುವೆ ಒಂದೇ ಮೈಕು. ಯಂತ್ರ ನೋಡಿಕೊಳ್ಳುವವ ಕಣ್ಣು ಮುಚ್ಚಿ ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರೆ ಎದುರಿಗೆ ಒಬ್ಬರೂ ಇಲ್ಲ. ನಮ್ಮ ತಪ್ಪಿಲ್ಲ, ಹುಟ್ಟಿದಾಗಿನಿಂದ ಒಂದೇ ಕಡೆ ನಿಂತು ಬಾರಿಸಿದವರೇ ಅಲ್ಲ ನಾವು. ಬಾರಿಸುತ್ತ ಬಾರಿಸುತ್ತ ಬಾಗಿಲು ದಾಟಿ ಬೀದಿಗೆ ಹೋಗಿದ್ದೆವು.

ಅವನು ಓಡಿಬಂದು ಕರೆದೊಯ್ದ. ನಿಂತು ಬಾರಿಸಲು ಹೋದರೆ ಒಬ್ಬರಿಗೂ ತಾಳ ಹತ್ತಲಿಲ್ಲ. ಕೊನೆಗೆ ಮೈಕಿನ ಸುತ್ತ ಗಾಣದೆತ್ತಿನಂತೆ ತಿರುಗಿ ಕ್ಯಾಸೆಟ್ ಮುಗಿಸಿದೆವು. ಮಾಸ್ತರರು ತಲೆ ಸುತ್ತು ಬಂದು ಗೋಡೆ ಹಿಡಿದು ಕೂತರು.

೨. ಬಲ್ಲವರ ಅಭಿಪ್ರಾಯ

ಕ್ಯಾಸೆಟ್ಟು ಹೊರಬಿತ್ತು. ಕೊಂಡವರು ಅಂಗಡಿಗೆ ವಾಪಸ್ ತಂದು, ಸಪ್ಪಳ ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ, ಟೇಪು ಕೆಟ್ಟಿದೆ ಅಂದರು. ಮಾಸ್ತರರ ಮುಖ ಬಾಡಿತು. ಸಂಗೀತ ಬಲ್ಲವರೇ ಹೇಳಲಿ ಎಂದು ಚಿಟಗುಪ್ಪದ ಭಜನಿ ಅಜ್ಜನ ಮನೆಗೆ ಹೋದೆವು. ಅಜ್ಜ ಎರಡೂ ಬದಿ ಅಲ್ಲಾಡದೆ ಕೇಳಿದ. ಮಾಸ್ತರರು ಅವನ ಬಾಯನ್ನೇ ನೋಡುತ್ತ ಕೂತಿದ್ದರು.

“ಎಲ್ಲಾ ಕೇಳ್ದೆ,” ಅಂದ ಅಜ್ಜ. “ಊಟಕ್ಕ ಯಾವಾಗ ಕೂಡ್ಸತಾರ?”

೩. ಕುದುರೆ

ಮುಂದಿನ ತಿಂಗಳು ಹುಮನಾಬಾದಿನಲ್ಲಿ ಮದುವೆ. ಮದುಮಗ ದುಬಲಗುಂಡಿಯವನು. ಅವನು ಏರಿದ್ದ ಕುದುರೆ ನಮ್ಮ ಜೊತೆ ಹತ್ತು ವರ್ಷ ಪಳಗಿದ್ದು. ನಮ್ಮ ಬ್ಯಾಂಡ್ ಕೇಳಿದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ.

ಮೆರವಣಿಗೆಯ ಅರ್ಧ ದಾರಿಯಲ್ಲಿ ಒಂದು ಚಹಾದ ಹೋಟೆಲಿನವ ನಮ್ಮದೇ ಕ್ಯಾಸೆಟ್ ಹಚ್ಚಿದ್ದ. ಕುದುರೆ ಕಿವಿ ನಿಮಿರಿಸಿತು. ನಮ್ಮನ್ನು ಬಿಟ್ಟು ಮದುಮಗನ ಸಮೇತ ಅತ್ತ ತಿರುಗಿ, ಹೋಟೆಲಿನೊಳಗೆ ಮುಖ ಇಟ್ಟು ನಿಂತಿತು. ನಾವು ಗಂಟಲು ಹರಿಯುವಂತೆ ಊದಿದರೂ ಹೊರಳಿ ನೋಡಲಿಲ್ಲ. ಅಕ್ಕಿಕಾಳು ಹಾಕುವ ಮುಹೂರ್ತ ಮೀರುತ್ತಿತ್ತು. ಬೀಗರು ದಂಗಾಗಿ ನಿಂತರು. ನನಗಂತೂ ನಾಚಿಕೆಯಿಂದ ಸತ್ತಂತಾಯಿತು.

ಬ್ಯಾಂಡು ಇಲ್ಲಿರುವಾಗ ಅದು ಅಲ್ಲಿಗೆ ಯಾಕೆ ಹೋಯಿತು ಎಂದು ಮಾಸ್ತರರು ಲಗಾಮು ಹಿಡಿದಿದ್ದ ಕುದುರೆಯವನನ್ನು ಕೇಳಿದರು.

“ಖರೇ ಹೇಳ್ಲೇನ್ರಿ ಮಾಸ್ತರ? ಕ್ಯಾಸೆಟ್ಟಿನಾಗ ನೀವು ಭಾಳ ಛಲೋ ಬಾರಿಸೀರಿ.”

ಅಷ್ಟರಲ್ಲಿ ಮದುಮಗನ ಮಾವ ಓಡಿಬಂದು ಆ ಟೇಪು ಬಂದ್ ಮಾಡು ಎಂದು ಕೂಗಿದ, ಹೋಟೆಲಿನವ ಟೇಪಿಗೆ ಕೈ ಹಾಕಿದ. ಮಾಸ್ತರರು ನುಗ್ಗಿಹೋಗಿ ಆ ಕೈ ಹಿಡಿದುಕೊಂಡರು.

“ತಡೀರಿ,” ಅಂದರು. “ಈ ಚಾಲ್ ಮುಗೀಲಿ. ಕುದುರಿ ಕೇಳಾಕತ್ತದ.”