ಅವಧಿ ಮೀರಿದ ಅಳಿಯ

ಸಾವಿರದ ಒಂಬೈನೂರ ಐವತ್ತನಾಲ್ಕನೆಯ ಇಸವಿ ಜುಲೈ ಮೂವತ್ತೊಂದನೆಯ ತಾರೀಖು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಗುರುಸ್ವಾಮಿ ಎಂಬ ವ್ಯಕ್ತಿಯು ಹಾರನಹಳ್ಳಿಯ ಶಿವರುದ್ರಮ್ಮನವರಿಗೆ ಅಳಿಯನಲ್ಲ, ಬರೀ ನೆಂಟ, ಅದೂ ಅವಧಿ ಮೀರಿ ಮೂವತ್ತೊಂದು ದಿನ ಹಳಸಿದ ನೆಂಟ ಎಂಬುದು ದಾಖಲೆಯಲ್ಲಿ ಸ್ಥಿರಪಟ್ಟಿತು.

ಆ ಹೊತ್ತಿಗೆ ಅವನು ಶಿವರುದ್ರಮ್ಮನವರ ಒಬ್ಬಳೇ ಮಗಳಾದ ಸರ್ವಮಂಗಳಳಿಗೆ ತಾಳಿ ಕಟ್ಟಿ ಎರಡು ತಿಂಗಳಾಗುತ್ತ ಬಂದಿತ್ತು. ಮದುವೆಗೆ ಐನೂರು ಜನ ಉಂಡಿದ್ದರು. ಐನೂರು ಜನ ಉಂಡದ್ದು ಊಟ ನಡೆಯಿತೆಂಬುದಕ್ಕೆ ಸಾಕ್ಷಿಯೇ ಹೊರತು ಮದುವೆ ನಡೆಯಿತೆಂಬುದಕ್ಕಲ್ಲ ಎಂದು ರಿಜಿಸ್ಟ್ರಾರ್ ವೀರಭದ್ರಸ್ವಾಮಿಯವರು ತಿಳಿಸಿದರು.

ರಿಜಿಸ್ಟ್ರಾರರು ಇದ್ದದ್ದು ಮರಡಿ ಗೇಟಿನ ಪಕ್ಕದ 'ಹೊರಪ್ರಾಂತ್ಯದ ನೆಂಟರ ನೋಂದಣಿ ಕಚೇರಿ'ಯಲ್ಲಿ. ಗೇಟೆಂದರೆ ರಸ್ತೆಗೆ ಅಡ್ಡವಾಗಿ ಒಂದು ಬಿದಿರು ಗಳು. ಗಳುವಿನ ಈಚೆಗೆ ಮೈಸೂರು ರಾಜ್ಯ, ಆಚೆಗೆ ಕೊಡಗು. ಆಗ ಅವೆರಡೂ ಬೇರೆ ಬೇರೆ ರಾಜ್ಯಗಳಾಗಿದ್ದವು. ಆಚೆಯಿಂದ ನೆಂಟಸ್ತಿಕೆಗೆ ಬರುವವರು ಒಂದು ತಿಂಗಳ ರಹದಾರಿ ಪಡೆಯಬೇಕಾಗಿತ್ತು. ಗುರುಸ್ವಾಮಿ ಗೇಟಿನಿಂದ ಆರು ಮೈಲಿ ಆಚೆಯವನು. ದಿಬ್ಬಣದ ಬಸ್ಸಿನಿಂದ ಇಳಿಸಿ, ಏಕೆ ಬಂದೆಯೆಂದು ಕೇಳಿದಾಗ, ನಾನೇ ಗಂಡು ಎಂದು ಹೇಳಿಕೊಳ್ಳಲು ನಾಚಿ, "ಮದುವೆಗೆ ಬಂದಿದೀನಿ ಸ್ವಾಮಿ" ಎಂದುಬಿಟ್ಟಿದ್ದ. ಆದಕಾರಣ ತನ್ನ ಮದುವೆಗೆ ತಾನೇ ನೆಂಟನಾಗಿ ನೋಂದಾಯಿತನಾದ.

ಮದುವೆ ಮುಗಿದು ಉಳಿದ ನೆಂಟರೆಲ್ಲ ಬಸ್ಸು ಹತ್ತಿದರು. ಗುರುಸ್ವಾಮಿ ಮನೆ ಅಳಿಯನಾಗಿ ಉಳಿದ. ಗಂಡು ದಿಕ್ಕಿಲ್ಲದ ಮನೆ, ಎರಡೆಕರೆ ಹೊಗೆಸೊಪ್ಪು, ಅದನ್ನು ಬೆಂಕಿಯ ಕಾವಿನಲ್ಲಿ ಬೇಯಿಸಲು ಹೊಲದಲ್ಲೊಂದು ಬ್ಯಾರನ್ನು ಕೊಠಡಿ, ಉಳಿಯುವುದೇ ಒಪ್ಪಂದವಾಗಿತ್ತು. ಸರ್ವಮಂಗಳ ಮಿಡ್ಲ್ ಸ್ಕೂಲು ಪಾಸಾದವಳು. ರಹದಾರಿ ಜೂನ್ ಮೂವತ್ತಕ್ಕೆ ಮುಗಿಯುವುದೆಂದು ಅವಳು ಬಲ್ಲಳು. ಆದರೆ ಮಾರನೆಯ ದಿನದಿಂದ ಆಷಾಢ. ಹೊಸ ಅಳಿಯ ಆಷಾಢದಲ್ಲಿ ಅತ್ತೆಯ ಹೊಸಿಲು ದಾಟಬಾರದಷ್ಟೆ. ಅವನ ಹಾಸಿಗೆ ಬ್ಯಾರನ್ನಿಗೆ ಹೋಯಿತು. ಮನೆಯಲ್ಲೇ ಇಲ್ಲದವನು ನೆಂಟ ಹೇಗಾದಾನು? ಆ ಒಂದು ತಿಂಗಳು ಲೆಕ್ಕಕ್ಕಿಲ್ಲವೆಂದು ತಾಯಿ, ಮಗಳು, ಅಳಿಯ ಮೂವರೂ ನೆಮ್ಮದಿಯಾಗಿದ್ದರು. ಶ್ರಾವಣ ಬಂದ ಕೂಡಲೇ ಒಂದು ಅರ್ಜಿ ಬರೆದುಕೊಂಡು ಗೇಟಿಗೆ ಬಂದರು. ಅರ್ಜಿಯಲ್ಲಿ ಒಂದೂ ಕಾಟು ಇರಲಿಲ್ಲ. ಒಳ್ಳೆಯ ಅಕ್ಷರದಲ್ಲಿ ಬರೆದ ಅರ್ಜಿ ವ್ಯರ್ಥವಾಗುವುದಿಲ್ಲವೆಂದು ಸರ್ವಮಂಗಳ ನಂಬಿದ್ದಳು.

"ಆಷಾಢ ಎಂಬ ತಿಂಗಳು ಈ ಕಚೇರಿಯಲ್ಲಿ ಇಲ್ಲ," ಎಂದರು ರಿಜಿಸ್ಟ್ರಾರರು. "ಇಲ್ಲಿ ಜುಲೈ ಇದೆ. ಅವಧಿ ಮೀರಿ ಮೂವತ್ತು ದಿನದವರೆಗೆ ಕ್ಷಮೆಯುಂಟು. ಜುಲೈಗೆ ಮೂವತ್ತೊಂದು."

"ಬ್ಯಾರನ್ನಾಗೆ ಮಲಗಿಸಿದ್ವಿ ಕಣ್ ಸ್ವಾಮಿ," ಎಂದರು ಶಿವರುದ್ರಮ್ಮ. "ಒಸ್ಲು ದಾಟಿಲ್ಲ. ನಾನು ಮುಖಾನೂ ನೋಡಿಲ್ಲ. ಮುದ್ದೆ ಕೊಡೋವಾಗ್ಲೂ ಅತ್ಲಾಗೆ ತಿರುಗಿಕೊಂಡೇ ಕೊಟ್ಟಿವ್ನಿ."

"ಬ್ಯಾರನ್ನು ಮೈಸೂರು ರಾಜ್ಯದಲ್ಲಿದೆಯೋ?"

"ನಮ್ಮ ಒಲದಾಗೈತೆ."

"ಸರಿ." ರಿಜಿಸ್ಟ್ರಾರರು ಸರ್ವಮಂಗಳಳ ಕಡೆಗೆ ತಿರುಗಿದರು. "ಮೊದಲು ಈ ಮದುವೆ ನಿಜವೋ ರಹದಾರಿಗಾಗಿ ಹೂಡಿದ್ದೋ ನೋಡಬೇಕು. ಗಂಡನ ಹೆಸರು?"

ಸರ್ವಮಂಗಳ ಗೋಡೆ ನೋಡಿದಳು.

"ಹೆಸರಮ್ಮಾ, ಹೆಸರು."

"ಅರ್ಜೀಲಿ ಬರೆದಿದೀನಲ್ಲ ಸ್ವಾಮಿ."

"ಬಾಯಲ್ಲಿ ಹೇಳು."

"ಅವರೇ ಪಕ್ಕದಾಗೆ ನಿಂತವ್ರೆ, ಅವರನ್ನೇ ಕೇಳಿ."

ರಿಜಿಸ್ಟ್ರಾರರ ಮುಖ ಅರಳಿತು. "ನಿಯಮ ಹನ್ನೊಂದು. ಗಂಡನ ಹೆಸರನ್ನು ಥಟ್ಟನೆ ಹೇಳುವ ಹೆಂಗಸನ್ನು ಸಂಶಯದಿಂದ ಕಾಣತಕ್ಕದ್ದು. ನೀನು ಹೇಳಲಿಲ್ಲ. ಮದುವೆ ಪರಮ ಸತ್ಯ." ಮೊಹರು ಒತ್ತಿದರು. "ಆದರೆ ಅದರಿಂದ ಪ್ರಯೋಜನವಿಲ್ಲ. ಅವಧಿ ಮೀರಿದವನು ರಾಜ್ಯದ ಹೊರಗೆ ಮೂರು ವರ್ಷ ಇದ್ದು, ಆಮೇಲೆ ಅಳಿಯನಾಗಲು ಅರ್ಜಿ ಹಾಕಬೇಕು."

"ಅವರು ಮದುವೆಗೆ ಮುಂಚೆ ಇಪ್ಪತ್ತಾರು ವರ್ಷ ಹೊರಗೇ ಇದ್ರಲ್ಲ ಸ್ವಾಮಿ?"

"ಆಗ ಅವನು ತಪ್ಪು ಮಾಡಿರಲಿಲ್ಲ. ತಪ್ಪು ಮಾಡದೆ ಹೊರಗಿದ್ದದ್ದು ಲೆಕ್ಕಕ್ಕೆ ಬಾರದು."

ಆಗಸ್ಟ್ ಎರಡನೆಯ ತಾರೀಖು ಸೋಮವಾರ ಗುರುಸ್ವಾಮಿ ಬಿದಿರು ಗಳುವಿನ ಕೆಳಗೆ ಬಗ್ಗಿ ಹೊರಗೆ ಹೋದ. ಆದರೆ ಅವನು ಆರು ಮೈಲಿ ನಡೆದು ತನ್ನೂರಿಗೆ ಹೋಗುವಂತಿರಲಿಲ್ಲ, ಏಕೆಂದರೆ ಹೊರಗಿದ್ದಾನೆಂಬುದಕ್ಕೆ ದಿನಾಲೂ ಬೆಳಿಗ್ಗೆ ಹತ್ತಕ್ಕೂ ಸಂಜೆ ಐದಕ್ಕೂ ಕಚೇರಿಯ ಪುಸ್ತಕದಲ್ಲಿ ರುಜು ಹಾಕಬೇಕಾಗಿತ್ತು. ಕಚೇರಿಯೋ ಒಳಗಿತ್ತು. ರುಜು ಹಾಕಲು ಒಳಗೆ ಬಂದರೆ ಹೊರಗಿದ್ದದ್ದು ಮುರಿದುಬೀಳುತ್ತಿತ್ತು. ಎರಡು ದಿನ ಕಡತ ಓಡಾಡಿದ ಮೇಲೆ, ಜವಾನ ಚಾಮಯ್ಯನು ಪುಸ್ತಕವನ್ನು ಹಲಗೆಯ ಮೇಲಿಟ್ಟು ಗಳುವಿನ ಕೆಳಗಿನಿಂದ ಆಚೆಗೆ ತಳ್ಳತಕ್ಕದ್ದೆಂದು ತೀರ್ಮಾನವಾಯಿತು. ಗುರುಸ್ವಾಮಿ ಗಳುವಿನಿಂದ ನಾಲ್ಕು ಮಾರು ಆಚೆ ಒಂದು ಗುಡಿಸಲು ಹಾಕಿಕೊಂಡ.

ಸರ್ವಮಂಗಳ ದಿನಾ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಅವಳೇ ಆಚೆ ಹೋಗಿ ಇರಬಾರದೇಕೆಂದು ಕೆಲವರು ಕೇಳಿದರು. ಆಚೆಗೂ ಇಂಥದೇ ಒಂದು ಕಚೇರಿ ಇತ್ತು. ಅಲ್ಲಿ ಅವಳು ಸೊಸೆಯಲ್ಲ, ನೆಂಟಳು. ಅಲ್ಲದೆ ಬ್ಯಾರನ್ನಿಗೆ ಬೆಂಕಿ ಹಾಕುವವರಾರು? ಗಂಡಹೆಂಡಿರು ಗಳುವಿನ ಎರಡು ಪಕ್ಕಕ್ಕೂ ನಿಂತು ಸಂಸಾರ ಮಾಡಿದರು.

"ಸೊಪ್ಪು ಹಳದಿ ತಿರುಗ್ತಾ ಕಣೆ?"

"ತಿರುಗೈತೆ. ಅವ್ವ ಉರಿ ಹೆಚ್ಚಿಸಿ ಕೆಂಪಾಗಿಸಿಬಿಡ್ತಾಳೆ ಅಂತ ನಂಗೆ ದಿಗಿಲು."

"ಬ್ಯಾರನ್ ಕಿಟಕಿ ಬೆರಳಷ್ಟೇ ತೆಗಿ ಅನ್ನು ನಿಮ್ಮವ್ವಂಗೆ."

"ನೀವೇ ಬಂದು ಹೇಳ್ರಿ."

"ಬತ್ತೀನಿ ಬುಡು. ಇನ್ನೆರಡು ವರ್ಷ ಹನ್ನೊಂದು ತಿಂಗಳು ಅಷ್ಟೇಯ."

ಹೀಗಿರಲು ಸರ್ವಮಂಗಳ ನಿಯಮಾವಳಿಯನ್ನು ಎರವಲು ಪಡೆದು ಮೊದಲಿಂದ ಕಡೆಯವರೆಗೆ ಓದಿ, ನಿಯಮ ಹದಿನೇಳನ್ನು ಪತ್ತೆ ಮಾಡಿದಳು. ಗಂಡ ಹೊರಗಿರುವುದರಿಂದ ಹೆಂಡತಿಗೆ 'ಅಸಾಧಾರಣ ಕಷ್ಟ' ಆಗುತ್ತಿದ್ದರೆ ಮೂರು ವರ್ಷವನ್ನು ಮನ್ನಿಸಬಹುದು. ಗಂಡ ಜೊತೆಗಿಲ್ಲದ ದುಃಖ ಮಾತ್ರ ಸಾಧಾರಣ ಕಷ್ಟವಾದುದರಿಂದ ಅದನ್ನು ಪರಿಗಣಿಸತಕ್ಕದ್ದಲ್ಲ. ಅವಳು ಎಂಟು ಪುಟದ ಅರ್ಜಿ ಬರೆದಳು. ಕಾರ್ತಿಕದಲ್ಲಿ ರಿಜಿಸ್ಟ್ರಾರರು ಕಷ್ಟವನ್ನು ಕಣ್ಣಾರೆ ಕಾಣಲು ಚಾಮಯ್ಯನೊಂದಿಗೆ ಹಾರನಹಳ್ಳಿಗೆ ಬಂದರು.

ಸರ್ವಮಂಗಳ ಮನೆಯನ್ನು ತಕ್ಕಂತೆ ಅಣಿಮಾಡಿದ್ದಳು. ಹರಿದ ಚಾಪೆ, ಖಾಲಿ ಗಡಿಗೆ, ಒಲೆಯಲ್ಲಿ ಬೂದಿ. ತಾಯಿಗೂ ಮೂರು ದಿನದಿಂದ ಪಾಠ ಹೇಳಿಕೊಟ್ಟಿದ್ದಳು. ಆದರೆ ಮನೆಗೆ ಅಧಿಕಾರಿಗಳು ಬಂದು ಜಗುಲಿಯಲ್ಲಿ ಕೂತು, "ಮನೆಯಲ್ಲಿ ಊಟಕ್ಕೆ ಕಷ್ಟವೇನಮ್ಮಾ?" ಎಂದು ಕೇಳಿದರೆ, ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗ, ಹೌದೆನ್ನುವ ಹೆಂಗಸು ಆ ಹೋಬಳಿಯಲ್ಲಿ ಹುಟ್ಟಿರಲಿಲ್ಲ.

"ಕಷ್ಟವಾ?" ಎಂದರು ಶಿವರುದ್ರಮ್ಮ. "ನಮ್ಮನೇಲಾ? ಎರಡು ಎಮ್ಮೆ ಕರೀತಾವೆ ಸ್ವಾಮಿ! ಕಣಜ ನೋಡಿ ಬನ್ನಿ, ಓದ ವರ್ಷದ ರಾಗಿ ಇನ್ನೂ ಕರಗಿಲ್ಲ."

"ಅವ್ವಾ," ಎಂದಳು ಸರ್ವಮಂಗಳ.

"ನೀನು ಸುಮ್ಕಿರೇ. ಏನ್ ಅನ್ಕೊಂಡಾರು?"

ಪಕ್ಕದ ಮನೆಯ ಚಿಕ್ಕಬೀರಮ್ಮ ಬಾಗಿಲಿಂದಲೇ, "ಹುಡುಗಿ ಸೊರಗವ್ಳೆ ಅಂತಾದ್ರೂ ಏಳಕ್ಕಾ!" ಎಂದು ಕೂಗಿದಳು.

"ಯಾರೇ ಸೊರಗಿರೋಳು? ನಿನ್ನ ಮಗಳು ಸೊರಗವ್ಳೆ! ನಮ್ಮ ಹುಡುಗಿ ರಟ್ಟೆ ನೋಡು!" ಎಂದು ಶಿವರುದ್ರಮ್ಮ ಮಗಳ ತೋಳನ್ನು ಹಿಡಿದೆತ್ತಿ ಸರ್ಕಾರಕ್ಕೆ ತೋರಿಸಿದರು. ಆಮೇಲೆ ಎಲೆ ಹಾಕಿಸಿದರು.

ವರದಿ ಹದಿನೈದು ದಿನಕ್ಕೆ ಬಂತು. 'ಸ್ಥಳ ತನಿಖೆಯಲ್ಲಿ ಕಷ್ಟವನ್ನು ಎಲ್ಲ ಕೋಣೆಗಳಲ್ಲೂ ಹುಡುಕಲಾಯಿತು. ದೊರೆಯಲಿಲ್ಲ. ದೊರೆತದ್ದು: ಹೋಳಿಗೆ, ಆರು. ತುಪ್ಪವನ್ನು ಕೇಳದೆಯೇ ಎರಡನೆಯ ಬಾರಿ ಬಡಿಸಲಾಯಿತು. ಜವಾನನ ಹೇಳಿಕೆಯೂ ಇದಕ್ಕೆ ಹೊಂದುತ್ತದೆ. ಮನ್ನಾ ತಿರಸ್ಕರಿಸಿದೆ.'

"ಆರು ತಿಂದ್ನಾ ಆ ಮನುಷ್ಯ?" ಎಂದಷ್ಟೇ ಕೇಳಿದ, ಗಳುವಿನ ಆಚೆಯಿಂದ, ಗುರುಸ್ವಾಮಿ. ಅಂದು ಅವನ ಬುತ್ತಿಯಲ್ಲಿ ಹುರುಳಿ ಸಾರಿತ್ತು.

ಅವನು ಹೊರಗೆ ಹೋಗಿ ಎರಡು ವರ್ಷ ಮೂರು ತಿಂಗಳಾಯಿತು. ಐವತ್ತಾರನೆಯ ಇಸವಿ ನವೆಂಬರ್ ಒಂದರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಮರಡಿ ಗೇಟಿನಲ್ಲಿ ಕಲ್ಲುಸಕ್ಕರೆ ಹಂಚಿದರು. ಸರ್ವಮಂಗಳ ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ಗಂಡನನ್ನು ಕರೆದುಕೊಂಡು ಹೋಗಲು ಬಂದಳು. ಗಳು ಮೇಲಕ್ಕೆದ್ದಿತು. ರಿಜಿಸ್ಟ್ರಾರರು ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಅನಾಹುತವಾಯಿತಮ್ಮ. ಇನ್ನು ಒಂಬತ್ತು ತಿಂಗಳು ಬಾಕಿ ಇರುವಾಗಲೇ ಇವನು ಒಳಗೆ ಬಂದುಬಿಟ್ಟ."

"ಅಲ್ಲೇ ಕೂತವ್ರಲ್ಲ ಸ್ವಾಮಿ, ಎಲ್ಲೂ ಬಂದಿಲ್ಲ!"

"ಅವನು ಬರಲಿಲ್ಲ. ಒಳಗು ಅವನಲ್ಲಿಗೆ ಹೋಯಿತು. ಫಲ ಒಂದೇ. ನಿನ್ನೆ ಮಧ್ಯರಾತ್ರಿಯಿಂದ ಅವನು ರಹದಾರಿ ಇಲ್ಲದೆ ಮೈಸೂರು ರಾಜ್ಯದಲ್ಲಿದ್ದಾನೆ. ಹೊರಗಿನ ವಾಸ ಮುರಿದುಬಿತ್ತು. ಮೂರು ವರ್ಷ ಮೊದಲಿಂದ ಎಣಿಸಬೇಕು."

"ಎಲ್ಲಿ ಎಣಿಸೋದು? ಹೊರಗೇ ಇಲ್ವಲ್ಲ!"

ರಿಜಿಸ್ಟ್ರಾರರು ನಕಾಶೆ ಬಿಡಿಸಿದರು. "ಈಗ ಸಮೀಪದ ಹೊರಗೆಂದರೆ ಹೆಗ್ಗಡದೇವನಕೋಟೆ ದಾಟಿ, ಕಾಡು ದಾಟಿ, ಕೇರಳ."

ಸರ್ವಮಂಗಳ ನಕಾಶೆಯ ಮೇಲೆ ಬೆರಳಿಟ್ಟು ದೂರ ಅಳೆದಳು. ಅಷ್ಟು ದೂರಕ್ಕೆ ಬುತ್ತಿ ಹೊತ್ತು ದಿನಾ ಹೋಗಿಬರುವುದೆಂತು? ಅವಳು ಅಲ್ಲೇ ಕಚೇರಿಯ ಮೆಟ್ಟಿಲ ಮೇಲೆ, ರೇಷ್ಮೆ ಸೀರೆ ಮುದುಡದಂತೆ ಕೂತು, ಹಾಳೆ ಬೇಡಿ ಪಡೆದು ಮತ್ತೊಂದು ಅರ್ಜಿ ಬರೆದಳು. ಗಂಡನನ್ನು ಮನೆಗೆ ಕಳಿಸಿರೆಂದು ಕೇಳಿದರೆ ಫಲವಿಲ್ಲವೆಂಬುದನ್ನು ಅವಳು ಅಷ್ಟರಲ್ಲಿ ಕಲಿತಿದ್ದಳು. ಹಳೆಯ ಹೊರಗನ್ನು ಇನ್ನೊಂಬತ್ತು ತಿಂಗಳು ಇಟ್ಟುಕೊಡಬೇಕೆಂದು ಮಾತ್ರ ಕೇಳಿದಳು.

ಒಂದು ಕಚೇರಿ ಮನುಷ್ಯರನ್ನು ನಿರಾಕರಿಸಬಹುದು, ಜಾಗವನ್ನು ಬೇಡವೆನ್ನುವುದಿಲ್ಲ. ಮೂರು ವಾರದಲ್ಲಿ ಮೇಲಿಂದ ಆಜ್ಞೆ ಬಂತು.

'ಮರಡಿ ಗೇಟಿನ ಪಶ್ಚಿಮಕ್ಕಿರುವ ಎಂಟು ಅಡಿ ಉದ್ದ, ಆರು ಅಡಿ ಅಗಲದ ಸ್ಥಳವನ್ನು, ಸದರಿ ಗುರುಸ್ವಾಮಿಯ ಮಟ್ಟಿಗೆ, ಹಿಂದಿನ ತಾರೀಖಿನಿಂದಲೇ ಜಾರಿಗೆ ಬರುವಂತೆ, ಹೊರಗೆ ಎಂದು ಭಾವಿಸತಕ್ಕದ್ದು. ಹೊರಗೆ ಇರುವವರೆಗೆ ಕಚೇರಿಯನ್ನು ಮುಚ್ಚತಕ್ಕದ್ದಲ್ಲ.'

ಸುತ್ತ ಸುಣ್ಣ ಬಳಿದ ಕಲ್ಲು ನೆಟ್ಟರು. ಕೊಡಗಿನ ಬಸ್ಸುಗಳು ಕಲ್ಲನ್ನು ಬಳಸಿಕೊಂಡು ಹೋಗತೊಡಗಿದವು. "ಹೊರಗೆ ಇಳಿಯೋರು ಯಾರಾರ ಇದೀರೇನ್ರೀ?" ಎಂದು ಕಂಡಕ್ಟರು ಕೂಗುತ್ತಿದ್ದ. ಗುರುಸ್ವಾಮಿ ಹಾಲಿಗೆಂದು ಗುಡಿಸಲ ಪಕ್ಕ ಕಟ್ಟಿಕೊಂಡಿದ್ದ ಎಮ್ಮೆ ಒಂದು ಸಲ ಬಾಲವನ್ನು ಒಳಗೆ ಬೀಸಿದ್ದಕ್ಕೆ ಕಾರಣ ಕೇಳಿ ನೋಟೀಸು ಬಂದು, ಸರ್ವಮಂಗಳ ಅದಕ್ಕೆ ಉತ್ತರ ಬರೆದಳು. ಅದು ಅಂಗೀಕಾರವಾಯಿತು.

ಐವತ್ತೇಳನೆಯ ಇಸವಿ ಆಗಸ್ಟ್ ಒಂದಕ್ಕೆ ಮೂರು ವರ್ಷ ತುಂಬಿತು. ಗುರುಸ್ವಾಮಿ ಕಾಯಂ ಅಳಿಯನೆಂಬ ಪತ್ರವನ್ನು ರಿಜಿಸ್ಟ್ರಾರರು ಸರ್ವಮಂಗಳಳ ಕೈಗಿಟ್ಟರು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಹಿಂದೆ ಹದಿಮೂರು ಮಂದಿ ಗುಮಾಸ್ತರೂ ಜವಾನರೂ ಸಾಲಾಗಿ ನಿಂತಿದ್ದರು. ಅವರ ಮುಖಗಳೂ ಹಾಗೆಯೇ ಇದ್ದವು.

"ಇವನು ಒಳಗೆ ಬಂದರೆ ಹೊರಗೆ ಯಾರೂ ಇರುವುದಿಲ್ಲ. ಯಾರೂ ಇಲ್ಲದ ಮೇಲೆ ಹೊರಗೆ ಇರುವುದಿಲ್ಲ. ಆಮೇಲೆ ನಾವೂ ಇರುವುದಿಲ್ಲ," ಎಂದರು ರಿಜಿಸ್ಟ್ರಾರರು.

"ಅದಕ್ಕೆ ನಾನೇನ್ ಮಾಡಾನ ಸ್ವಾಮಿ?" ಎಂದ ಗುರುಸ್ವಾಮಿ.

"ಅನುಭವಸ್ಥ ನೀನು. 'ಹೊರಗಿನವನು' ಎಂಬ ಒಂದು ಹುದ್ದೆ ಸೃಷ್ಟಿಸಿದ್ದೇವೆ. ಸರ್ಕಾರಿ ನೌಕರಿ. ಪಿಂಚಣಿ ಉಂಟು. ಕೂತಿದ್ದರೆ ಸಾಕು."

ಗುರುಸ್ವಾಮಿ ಹೆಂಡತಿಯ ಮುಖ ನೋಡಿದ. ಸರ್ವಮಂಗಳ ಪತ್ರವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ರಾತ್ರಿ?" ಎಂದು ಕೇಳಿದಳು.

"ಹತ್ತರಿಂದ ಐದರವರೆಗೆ ಮಾತ್ರ ಹೊರಗೆ. ಐದರ ಮೇಲೆ ಅದು ಒಳಗೇ."

"ಭಾನುವಾರ?"

"ರಜೆ. ಭಾನುವಾರ ಹೊರಗೆ ಇರುವುದಿಲ್ಲ."

"ಹಾಗಾದ್ರೆ ಬರೆದು ಕೊಡಿ," ಎಂದಳು ಸರ್ವಮಂಗಳ.

ಶಿವರುದ್ರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ಅಳಿಯನಿಗೆ ಸರ್ಕಾರಿ ನೌಕರಿಯಾದದ್ದು ಹೋಬಳಿಯಲ್ಲಿ ಅದೇ ಮೊದಲು. ಮಾರನೆಯ ಬೆಳಿಗ್ಗೆಯೇ ಚಿಕ್ಕಬೀರಮ್ಮ ತನ್ನ ಅಳಿಯನನ್ನು ಕಟ್ಟಿಕೊಂಡು ಬಂದಳು.

"ಮಂಗಳವ್ವಾ, ಇವನ್ನೂ ಒಸಿ ಒರಗೆ ಆಕ್ಸಿಕೊಡು. ಮನೇಲಿ ಕೂತಿರೋದು ಎಂಗೂ ಕೂತೇ ಅವ್ನೆ."

ಸರ್ವಮಂಗಳ ನಿಯಮ ತಿಳಿಸಿದಳು: ಮೊದಲು ಅವಧಿ ಮೀರಬೇಕು. ಅದು ಕಷ್ಟವಾಗಲಿಲ್ಲ. ಭೇರ್ಯದಿಂದ, ಹುಣಸೂರಿನ ಕಡೆಯಿಂದ ಬಂದಿದ್ದ ಅಳಿಯಂದಿರು, ಹುಟ್ಟಾ ಒಳಗಿನವರೇ ಆದರೂ ಗೇಟಿನಲ್ಲಿ ನೆಂಟರ ರಹದಾರಿ ಬರೆಸಿಕೊಂಡು, ಮಾವನ ಮನೆಗಳಲ್ಲಿ ಶಿಸ್ತಾಗಿ ಒಂದು ತಿಂಗಳು, ಮೇಲೆ ಮೂವತ್ತೊಂದು ದಿನ ಉಳಿದು, ಕೈಕಟ್ಟಿಕೊಂಡು ಗೇಟಿಗೆ ಬಂದು ತಪ್ಪೊಪ್ಪಿಕೊಂಡರು. ಅವರ ಅರ್ಜಿಗಳನ್ನೆಲ್ಲ ಸರ್ವಮಂಗಳಳೇ ಬರೆದಳು. ಒಂದರಲ್ಲೂ ಕಾಟು ಇರಲಿಲ್ಲ, ಒಂದೂ ತಿರಸ್ಕಾರವಾಗಲಿಲ್ಲ. ಹೊರಗೆ ಸಾಲದೆ ಬಂದು, ಪಕ್ಕದ ರಾಗಿ ಹೊಲದ ಅರ್ಧವನ್ನು ಸೇರಿಸಿಕೊಳ್ಳಬೇಕೆಂದು ಪ್ರಸ್ತಾವ ಹೋಗಿದೆ.

ಆ ಪ್ರಸ್ತಾವ ಹೋದ ದಿನ ಗುರುಸ್ವಾಮಿ ಐದೂವರೆಗೆ ಮನೆಗೆ ಬಂದು ಕಾಲು ತೊಳೆದುಕೊಂಡ. ಸರ್ವಮಂಗಳ ಕಾಫಿ ತಂದಿಟ್ಟಳು.

"ಹೊರಗೆ ಹೆಂಗಿತ್ತು?" ಎಂದು ಕೇಳಿದಳು.

"ಇವತ್ತು ಒಸಿ ಇಕ್ಕಟ್ಟು ಕಣೆ," ಎಂದ.